ಹಾಡುಗಾರ ಹೋದ ತಿಥಿ

ಮಾನ್ವಿಯ ದಾಸರಿಂದ ಅಪ್ಪುವರೆಗೆ: ರಾಯಚೂರು ಸೀಮೆ ತನ್ನ ಹಾಡುಗಾರರನ್ನು ಕಳೆದುಕೊಂಡು ಅತ್ತ ಬಗೆ

ಮಾನ್ವಿಯಲ್ಲಿ ಒಬ್ಬ ಹಾಡುಗಾರ ತೀರಿಕೊಂಡು ಇನ್ನೂರು ವರ್ಷ ದಾಟಿತು. ಊರು ಇನ್ನೂ ಆತನ ದಿನ ಮಾಡುವುದನ್ನು ಬಿಟ್ಟಿಲ್ಲ. 1809ರ ಭಾದ್ರಪದ ಶುದ್ಧ ನವಮಿಯಂದು ಜಗನ್ನಾಥದಾಸರು ಕಣ್ಣು ಮುಚ್ಚಿದರು. ಇವತ್ತಿಗೂ ಗಣೇಶ ಚೌತಿ ಕಳೆದು ಐದು ದಿನಕ್ಕೆ ಅವರ ಆರಾಧನೆ. ಆ ಹೊತ್ತಿಗೆ ಗಲ್ಲಿಗೊಬ್ಬ ಗಣಪ ಕೂತಿರುತ್ತಾನೆ, ಪೆಂಡಾಲಿಗೊಂದು ಡಿಜೆ ಬಂದಿರುತ್ತದೆ. ಪಕ್ಕೆಲುಬು ನಡುಗಿಸುವ ಆ ಸದ್ದಿನ ನಡುವೆಯೇ ಒಂದು ತಂಬೂರಿ, ಒಂದು ಪೇಟಿ, ನಾಲ್ಕು ಜೊತೆ ತಾಳ ಇಟ್ಟುಕೊಂಡು ಕೂತವರು ದಾಸರ ಪದ ಎತ್ತಿಕೊಳ್ಳುತ್ತಾರೆ. ಡಿಜೆಯವನು ಒಮ್ಮೊಮ್ಮೆ ಮರ್ಯಾದೆಗೆ ಸದ್ದು ಇಳಿಸುತ್ತಾನೆ, ಒಮ್ಮೊಮ್ಮೆ ಇಲ್ಲ. ಇವರಂತೂ ನಿಲ್ಲಿಸುವುದಿಲ್ಲ.

ಅಭಿಮಾನಿಗಳ ದುಃಖ ಎಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ಟಿವಿ ಪರದೆ. ಆಸ್ಪತ್ರೆಯ ಗೇಟು, ಲಾಠಿ ಹಿಡಿದ ಪೊಲೀಸರು, ಮರ ಹತ್ತಿ ಕೂತ ಹುಡುಗರು, ಎದೆ ಬಡಿದುಕೊಳ್ಳುವ ಹೆಂಗಸರು, ಕೆಳಗೆ ಓಡುವ ಕೆಂಪು ಪಟ್ಟಿ. ಮೂರು ದಿನ ಇದು. ಹನ್ನೊಂದನೇ ದಿನಕ್ಕೆ ಮತ್ತೊಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ. ಆಮೇಲೆ ಬೇರೆ ಯಾರೋ ಸಾಯುತ್ತಾರೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಒಣಸೀಮೆಯಲ್ಲಿ ಮಾತ್ರ ಹಾಡುಗಾರನ ಸಾವಿಗೆ ಇನ್ನೊಂದು ದಾರಿ ಬಹಳ ಹಿಂದೆಯೇ ಬಿದ್ದಿದೆ. ಅಳುವವನ ಕೈಗೆ ತಾಳ ಕೊಟ್ಟುಬಿಡುವುದು. ಶೋಕಕ್ಕೆ ಕೆಲಸ ಸಿಕ್ಕರೆ ಅದು ಬಾಳುತ್ತದೆ ಎನ್ನುವುದು ಮಾನ್ವಿ, ದೇವದುರ್ಗ, ರಾಯಚೂರುಗಳನ್ನು ನೋಡಿದ ಮೇಲೆ ನನಗನ್ನಿಸಿದ್ದು.

ರೊಟ್ಟಿ ಕೊಟ್ಟವನು, ಆಯುಷ್ಯ ಕೊಟ್ಟವನು

ದಾಸರನ್ನು ಇವತ್ತು ನಾವು ಕ್ಯಾಲೆಂಡರಿನ ಚಿತ್ರವಾಗಿ ನೋಡುತ್ತೇವೆ: ಕೈಯಲ್ಲಿ ತಂಬೂರಿ, ಹಣೆಯಲ್ಲಿ ಅಂಗಾರ ಅಕ್ಷತೆ, ಸುತ್ತ ಪ್ರಭಾವಳಿ. ಅವರ ಕಾಲದಲ್ಲಿ ಅವರಿಗೆ ಇಷ್ಟು ಮರ್ಯಾದೆ ಇರಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ಬೀದಿಯಲ್ಲಿ ಕುಣಿದು, ಮನೆಮನೆ ಮುಂದೆ ನಿಂತು ಕನ್ನಡದಲ್ಲಿ ಹಾಡಿ ಹಿಡಿ ಅಕ್ಕಿ ಬೇಡುವವರನ್ನು ಸಂಸ್ಕೃತ ಓದಿದ ಪಂಡಿತರು ಹತ್ತಿರ ಸೇರಿಸುತ್ತಿರಲಿಲ್ಲ. ವೇದಾಂತವನ್ನು ಬೀದಿಯ ಮಾತಿನಲ್ಲಿ ಕುಣಿದು ಹೇಳುವುದು ಅವರಿಗೆ ಸಹಿಸಲಾಗದ ಸಂಗತಿ. ಎಲ್ವಿಸ್ ಪ್ರೀಸ್ಲಿ ಸೊಂಟ ಕುಣಿಸಿದಾಗ ಅಮೆರಿಕದ ಹಿರಿಯರು ಮುಖ ಸಿಂಡರಿಸಿಕೊಂಡದ್ದು 1950ರ ದಶಕದಲ್ಲಿ. ಮಾನ್ವಿಯ ಅಗ್ರಹಾರದಲ್ಲಿ ಅದಕ್ಕೂ ಇನ್ನೂರು ವರ್ಷ ಮೊದಲೇ ಆ ಜಗಳ ನಡೆದಿತ್ತು.

ಹಾಗೆ ಮುಖ ಸಿಂಡರಿಸಿದವರಲ್ಲಿ ಒಬ್ಬರು ಶ್ರೀನಿವಾಸಾಚಾರ್ಯರು. 1728ರಲ್ಲಿ ಮಾನ್ವಿ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದವರು, ದೊಡ್ಡ ವಿದ್ವಾಂಸರು. ಆಗ ಈ ಸೀಮೆಯಲ್ಲಿ ಹೆಸರು ಮಾಡಿದ್ದ ಹಾಡುಗಾರ ವಿಜಯದಾಸರು. ಅವರೂ ಇದೇ ಮಣ್ಣಿನವರು: 1682ರಲ್ಲಿ, ತುಂಗಭದ್ರೆಯ ದಂಡೆಯ ಚೀಕಲಪರವಿಯಲ್ಲಿ, ಹೊಟ್ಟೆಗಿಲ್ಲದ ಮನೆಯಲ್ಲಿ ಹುಟ್ಟಿದ ದಾಸಪ್ಪ. ಅವರು ಮಾನ್ವಿಗೆ ಬಂದಾಗ ಆಚಾರ್ಯರಿಗೂ ಊಟಕ್ಕೆ ಕರೆ ಹೋಯಿತು. ದಾಸರ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲದ ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿದರಂತೆ. ಮುಂದೆ ನಿಜವಾದ ಹೊಟ್ಟೆನೋವೇ ಬಂದು ಕೂತಿತು, ಪ್ರಾಣಕ್ಕೇ ಬಂತು. ಮಂತ್ರಾಲಯಕ್ಕೆ ಹೋಗಿ ರಾಯರ ಸೇವೆ ಮಾಡಿದರು. ರಾಯರು ಕನಸಿನಲ್ಲಿ ಬಂದು ವಿಜಯದಾಸರ ಹತ್ತಿರ ಹೋಗು ಎಂದರು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಕಡೆ ಬೆರಳು ತೋರಿದರು.

ಗೋಪಾಲದಾಸರು ಇಂದಿನ ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಈಗ ನಕ್ಷೆಯಲ್ಲಿ ಮಸರಕಲ್ ಎಂದಿದೆ. 1722ರಲ್ಲಿ ಹುಟ್ಟಿದ ಭಾಗಣ್ಣ, ವಿಜಯದಾಸರಿಂದ ಗೋಪಾಲವಿಠಲ ಎಂಬ ಅಂಕಿತ ಪಡೆದವರು. ಭಕ್ತಿಯಲ್ಲಿ ಭಾಗಣ್ಣ ಎಂದು ದಾಸರ ಬಳಗ ಈಗಲೂ ಹೇಳುತ್ತದೆ. ಅವರು ಬಂದ ರೋಗಿಗೆ ಜೋಳದ ರೊಟ್ಟಿ ತಿನ್ನಿಸಿದರು, ಧನ್ವಂತರಿಯನ್ನು ಕುರಿತು ಹಾಡಿದರು, ಕೊನೆಗೆ ತಮ್ಮ ಆಯುಷ್ಯದಲ್ಲಿ 40 ವರ್ಷ ಎತ್ತಿ ಕೊಟ್ಟುಬಿಟ್ಟರು. ಗಂಜಿಯೂ ಇಳಿಯದ ಹೊಟ್ಟೆಗೆ ಜೋಳದ ರೊಟ್ಟಿ! ಈ ಕಥೆ ಮಾನ್ವಿ ಕಡೆಯದಾದ್ದರಿಂದ ಅದರಲ್ಲಿ ರೊಟ್ಟಿಯೇ ಇರಬೇಕು; ಬೇರೆ ಸೀಮೆಯಾಗಿದ್ದರೆ ಮುದ್ದೆಯೋ ಪ್ರಸಾದದ ಅನ್ನವೋ ಆಗುತ್ತಿತ್ತು.

ಕಥೆಯನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಇಸವಿಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಗೋಪಾಲದಾಸರು ತೀರಿಕೊಂಡದ್ದು 1762ರಲ್ಲಿ, 40ರ ವಯಸ್ಸಿನಲ್ಲಿ. ಅವರಿಂದ ಬದುಕಿದ ಶ್ರೀನಿವಾಸಾಚಾರ್ಯರು ಪಂಢರಪುರಕ್ಕೆ ಹೋಗಿ, ಜಗನ್ನಾಥವಿಠಲ ಅಂಕಿತ ಪಡೆದು, ಜಗನ್ನಾಥದಾಸರಾಗಿ 81 ವರ್ಷ ಬಾಳಿದರು. ಅಂದರೆ ಗುರು ಹೋದ ಮೇಲೆ 47 ವರ್ಷ. ಒಲಿದ ಹಾಡುಗಾರ ಅರ್ಧ ಆಯುಷ್ಯಕ್ಕೇ ಹೋದ, ತಾನು ಉಳಿದೆ ಎನ್ನುವ ಸಂಕಟಕ್ಕೆ ಈ ಸೀಮೆ ಕಂಡುಕೊಂಡ ಲೆಕ್ಕ ಇದು: ಅವನ ವರ್ಷಗಳೇ ನನ್ನಲ್ಲಿ ನಡೆಯುತ್ತಿವೆ. ಗಾಯಕನ ಸಾವಿನ ಸುದ್ದಿ ಕೇಳಿದ ಯಾವ ಹುಡುಗ ‘ನನ್ನ ಆಯುಷ್ಯ ತಗೊಂಡು ಅವನಿಗೆ ಕೊಡೋ ದೇವರೇ’ ಎಂದು ಕೂಗಿಲ್ಲ? ಇಲ್ಲಿ ಆ ಕೂಗನ್ನು ತಿರುಗಿಸಿದ್ದಾರೆ. ಕೊಡುವವನು ಹಾಡುಗಾರ, ತೆಗೆದುಕೊಳ್ಳುವವನು ಒಂದು ಕಾಲಕ್ಕೆ ಅವನ ಬಳಗವನ್ನೇ ಗೇಲಿ ಮಾಡಿದವನು.

ಉಳಿದ ಆ 47 ವರ್ಷಗಳಲ್ಲಿ ಜಗನ್ನಾಥದಾಸರು ಅಳುತ್ತ ಕೂರಲಿಲ್ಲ. ವಿಜಯದಾಸರ ಮೇಲೆ, ಗೋಪಾಲದಾಸರ ಮೇಲೆ ಹಾಡು ಕಟ್ಟಿದರು. ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳಲ್ಲಿ ಹರಿಕಥಾಮೃತಸಾರ ಬರೆದರು. ಸಂಸ್ಕೃತವಲ್ಲದ ಮಾತಿಗೆ ಮೂಗು ಮುರಿದಿದ್ದ ಪಂಡಿತ ಮಧ್ವಸಿದ್ಧಾಂತವನ್ನೆಲ್ಲ ಕನ್ನಡದ ಷಟ್ಪದಿಗೆ ಇಳಿಸಿದ್ದು ಗುರುಗಳಿಗೆ ಸಲ್ಲಿಸಿದ ದೊಡ್ಡ ಶ್ರದ್ಧಾಂಜಲಿ ಎಂದೇ ನಾನು ಓದುತ್ತೇನೆ.

ಮಾನ್ವಿಯ ದಾಸರ ಮನೆಯಲ್ಲಿ ಒಂದು ಕಂಬವಿದೆ. ದಾಸರು ಅದರಲ್ಲೇ ಸನ್ನಿಹಿತರಾಗಿದ್ದಾರೆ ಎಂದು ನಂಬಿಕೆ. ಆರಾಧನೆಯ ದಿನ ಅದಕ್ಕೆ ಅಭಿಷೇಕ, ಅಲಂಕಾರ, ಮಂಗಳಾರತಿ. ಆರಾಧನೆಗೆ ಮೂರು ದಿನ: ಪೂರ್ವ, ಮಧ್ಯ, ಉತ್ತರ. ನೆಂಟರಿಷ್ಟರು ಪುಣೆ, ಹೈದರಾಬಾದು, ಬೆಂಗಳೂರುಗಳಿಂದ ಬಂದಿಳಿಯುತ್ತಾರೆ. ಒಂದೇ ಬಣ್ಣದ ಸೀರೆ ಉಟ್ಟ ಭಜನಾ ಮಂಡಳಿಯ ಹೆಂಗಸರು ಸಾಲಾಗಿ ಕೂರುತ್ತಾರೆ. ಹಳಬರ ಮಡಿಲಲ್ಲಿ ಅಂಚು ಸವೆದ ಪುಸ್ತಕ, ಹೊಸಬರ ಕೈಯಲ್ಲಿ ಮೊಬೈಲು. ಮುಂದಿನ ನುಡಿ ಬರುವ ಹೊತ್ತಿಗೆ ಹೆಬ್ಬೆರಳಿನಿಂದ ಪರದೆ ಸರಿಸಬೇಕು, ಅಷ್ಟರಲ್ಲಿ ತಾಳ ತಪ್ಪುತ್ತದೆ. ಪಕ್ಕದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಮೊಣಕೈಯಿಂದ ತಿವಿಯುತ್ತಾಳೆ. ಅಜ್ಜಿಗೆ ಪುಸ್ತಕ ಬೇಕಿಲ್ಲ. ದಾಸಸಾಹಿತ್ಯ ಉಳಿದದ್ದು ಮಠಗಳಿಂದ ಎನ್ನುವವರಿದ್ದಾರೆ. ಅಕ್ಕಿ ಆರಿಸುತ್ತ, ರಂಗೋಲಿ ಹಾಕುತ್ತ ಗುನುಗಿದ ಈ ಬಾಯಿಗಳಿಗೆ ಅದರ ದೊಡ್ಡ ಪಾಲು ಸಲ್ಲಬೇಕು.

ಅಭಿಮಾನಿಯ ದುಡಿಮೆಗೆ ಇನ್ನೊಂದು ಹೆಸರು ಗೊರಬಾಳ ಹನುಮಂತರಾಯರು. ಪಕ್ಕದ ಲಿಂಗಸುಗೂರಿನಲ್ಲಿ ಕೂತು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಈ ಹಾಡುಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದವರು. ದೊಡ್ಡ ವಿಶ್ವವಿದ್ಯಾಲಯವಿಲ್ಲ, ದೊಡ್ಡ ಪ್ರಕಾಶಕರಿಲ್ಲ, ಓದುವ ಜನ ಎಷ್ಟು ಎನ್ನುವ ಅಂದಾಜೂ ಇಲ್ಲ. ಹಸ್ತಪ್ರತಿ ಹುಡುಕಿ, ಹೊಂದಿಸಿ ನೋಡಿ, ಯಾವುದು ಯಾರ ಅಂಕಿತ ಎಂದು ತೂಗಿ ಪ್ರಕಟಿಸಿದರು. ನೆಚ್ಚಿನ ಗಾಯಕನ ಒಂದೊಂದು ಧ್ವನಿಮುದ್ರಿಕೆಯನ್ನೂ ಕೂಡಿಹಾಕುವ ಹುಚ್ಚು ಅಭಿಮಾನಿಯ ಜಾತಿಗೇ ಸೇರಿದವರು ಅವರು. ಅವರ ಪಾಲಿಗೆ ಗಾಯಕ ಹೋಗಿ ಒಂದೂವರೆ ಶತಮಾನ ಕಳೆದಿತ್ತು ಅಷ್ಟೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಆರಾಧನೆಯ ಹಾಡು ಎಲ್ಲರ ಕಿವಿಗೂ ಬೀಳುತ್ತದೆ, ಆದರೆ ಆರಾಧನೆಯ ಒಳಮನೆ ಎಲ್ಲರದಲ್ಲ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವ ಲೆಕ್ಕ ಇನ್ನೂ ಇದೆ. ಪಂಕ್ತಿಯಲ್ಲಿ ಕೂರಲೊಲ್ಲದವನ ಹೊಟ್ಟೆನೋವಿನಿಂದ ಶುರುವಾದ ಕಥೆಯ ಊರಿನಲ್ಲಿ ಇದು ಸಣ್ಣ ವಿಚಾರವಲ್ಲ. ಹಾಡುಗಳೇ ಆ ಗೋಡೆ ಹಾರಿವೆ. ದೇವದುರ್ಗದ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಶನಿವಾರದ ಭಜನಿಗೆ ಕೂತವರು ದಾಸರ ಪದ, ಶರೀಫಜ್ಜನ ಪದ, ಕಡಕೋಳ ಮಡಿವಾಳಪ್ಪನ ಪದ ಮೂರನ್ನೂ ಒಂದೇ ಪೇಟಿಯ ಮೇಲೆ, ಒಂದೇ ರಾತ್ರಿಯಲ್ಲಿ ಹಾಡಿ ಮುಗಿಸುತ್ತಾರೆ. ಯಾವ ಪದ ಯಾವ ಮನೆತನದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಳುವುದಕ್ಕೂ ಒಂದು ಮೇಳ

ಈ ಸೀಮೆಗೆ ಸಾವಿನ ಮುಂದೆ ಹಾಡುವುದು ದಾಸರಿಂದಲೇ ಬಂದದ್ದೇನೂ ಅಲ್ಲ. ಹಳ್ಳಿಯಲ್ಲಿ ಹಿರಿಯರು ಹೋದರೆ ಭಜನಿ ಮೇಳಕ್ಕೆ ಹೇಳಿ ಕಳಿಸುತ್ತಾರೆ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಕೊರಳಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಎದುರಿಗೆ ಜಮಖಾನ ಹಾಸುತ್ತಾರೆ. ಪೇಟಿ, ತಬಲಾ, ದಮ್ಮಡಿ, ತಾಳ. ದೂರದ ಮಕ್ಕಳು ಬಂದು ಸೇರುವ ತನಕ, ರಾತ್ರಿ ಪೂರ್ತಿ ಹಾಡು. ಅಳು ಉಕ್ಕಿದಾಗ ಹಾಡು ಸ್ವಲ್ಪ ಹಿಂದೆ ಸರಿಯುತ್ತದೆ, ಅಳು ತಗ್ಗಿದಾಗ ಮತ್ತೆ ಏರುತ್ತದೆ. ನಡುವೆ ಚಹಾ ಬರುತ್ತದೆ. ಮೇಳದವರು ಹಾಡುವ ಪದಗಳಲ್ಲಿ ಸಮಾಧಾನದ ಮಾತು ಕಡಿಮೆ; ಈ ದೇಹ ಮಣ್ಣು, ಈ ಮನೆ ಬಾಡಿಗೆ ಮನೆ ಎಂದು ಮುಲಾಜಿಲ್ಲದೆ ಹೇಳುತ್ತವೆ. ಸತ್ತವನೇ ಮೇಳದ ಹಾಡುಗಾರನಾಗಿದ್ದರೆ ಆ ರಾತ್ರಿಯ ಕಾವೇ ಬೇರೆ. ಅವನ ಜಾಗದಲ್ಲಿ ಯಾರು ಪೇಟಿ ಹಿಡಿಯಬೇಕು ಎನ್ನುವುದು ಅಲ್ಲೇ, ಅವನೆದುರಿಗೇ ತೀರ್ಮಾನವಾಗಬೇಕು. ‘ನೀ ಹಿಡಿಯಪಾ’ ಎಂದು ಹಿರಿಯರೊಬ್ಬರು ಅನ್ನುತ್ತಾರೆ. ಹಿಡಿದವನು ಮೊದಲ ಪದಕ್ಕೆ ಸತ್ತವನ ಶ್ರುತಿಯನ್ನೇ ಎತ್ತಿಕೊಳ್ಳುತ್ತಾನೆ. ತನ್ನ ಗಂಟಲಿಗೆ ಅದು ಹೊಂದದಿದ್ದರೂ ಅವತ್ತಿನ ಮಟ್ಟಿಗೆ ಅದೇ ಶ್ರುತಿ.

ಮೊಹರಂ ಇನ್ನೊಂದು. ರಾಯಚೂರು ಜಿಲ್ಲೆಯ ಮೊಹರಂ ನೋಡದವರಿಗೆ ಅದನ್ನು ಬರೆದು ತಿಳಿಸುವುದು ಕಷ್ಟ. ಮುದಗಲ್ಲಿನ ಅಲಾಯಿಯಂತೂ ನಾಡಿಗೇ ಹೆಸರಾದದ್ದು. ಹದಿಮೂರು ಶತಮಾನಗಳ ಹಿಂದೆ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಕನ್ನಡದಲ್ಲಿ ರಿವಾಯತ್ ಪದ ಕಟ್ಟಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ, ಎದೆ ಬಡಿದು ಅಳುವವರಲ್ಲಿ ಮುಸಲ್ಮಾನರಷ್ಟೇ ಹಿಂದೂಗಳೂ ಇರುತ್ತಾರೆ. ಹುಸೇನಪ್ಪ, ಮೌಲಪ್ಪ, ಫಕೀರಪ್ಪ ಎಂಬ ಹೆಸರುಗಳು ಇಲ್ಲಿನ ಮನೆಮನೆಗಳಲ್ಲಿವೆ. ಎಂದೂ ಕಾಣದ, ದೂರದೇಶದ ಒಬ್ಬನಿಗಾಗಿ ಮೈಮರೆತು ಅಳುವುದು, ಅಳುವನ್ನು ಹಾಡಿಗೆ, ಹೆಜ್ಜೆಗೆ ಹೊಂದಿಸುವುದು ಈ ಜನಕ್ಕೆ ಮೈಗೂಡಿದ ವಿದ್ಯೆ. ಸಿನಿಮಾದವರಿಗಾಗಿ ಇಷ್ಟೊಂದು ಅಳುವುದೇಕೆ ಎಂದು ಬೆಂಗಳೂರಿನ ಅಂಕಣಕಾರರು ಕೇಳುವಾಗ ನನಗೆ ಈ ಅಲಾಯಿ ಕುಣಿ ನೆನಪಾಗುತ್ತದೆ. ಮನೆಯವರಲ್ಲದವರಿಗಾಗಿ ಅಳಬಾರದು ಎಂದು ಇವರಿಗೆ ಯಾರೂ ಕಲಿಸಿಲ್ಲ.

ಗದುಗಿನ ಗವಾಯಿ

2010ರ ಸೆಪ್ಟೆಂಬರ್ 17ರಂದು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ತೀರಿಕೊಂಡಾಗ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಹೊರಬಿತ್ತು. 1914ರಲ್ಲಿ ಹುಟ್ಟಿದವರು, ಎಳವೆಯಲ್ಲೇ ಕಣ್ಣು ಕಳೆದುಕೊಂಡವರು, ಪಂಚಾಕ್ಷರ ಗವಾಯಿಗಳ ಶಿಷ್ಯರು. ಪೇಟಿ, ಪಿಟೀಲು, ತಬಲಾ, ಸಾರಂಗಿ ಯಾವುದನ್ನು ಕೊಟ್ಟರೂ ನುಡಿಸುತ್ತಿದ್ದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಸುದ್ದಿ ತಿಳಿದದ್ದೇ ತಡ, ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಸು, ಲಾರಿ, ಬಸ್ಸು ಹತ್ತಿ ಜನ ಗದುಗಿನ ದಾರಿ ಹಿಡಿದರು.

ರಾಯಚೂರಿನ ಹಳ್ಳಿಗೂ ಗದುಗಿಗೂ ಇಷ್ಟು ನಂಟು ಹೇಗೆ? ಉತ್ತರ ಶ್ರಾವಣ ಮಾಸದಲ್ಲಿದೆ. ಊರ ಮಠದಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ಪುರಾಣಕ್ಕೆ ಹಾಡುವ ಗವಾಯಿ, ತಬಲಾ ನುಡಿಸುವ ಹುಡುಗ ಬೇಕು. ಅವರು ಬರುತ್ತಿದ್ದದ್ದು ಗದುಗಿನ ಆಶ್ರಮದ ಗರಡಿಯಿಂದ. ಕಣ್ಣಿಲ್ಲದ ಹುಡುಗನೊಬ್ಬ ಬಸ್ಸಿನಿಂದ ಇಳಿದು, ಊರವರ ಕೈ ಹಿಡಿದು ಮಠಕ್ಕೆ ಬಂದು, ತಿಂಗಳು ಮುಗಿಯುವಷ್ಟರಲ್ಲಿ ಊರ ಮಗನೇ ಆಗಿಬಿಡುತ್ತಿದ್ದ. ಗುರುಗಳನ್ನು ಎಂದೂ ಕಾಣದ ಊರಿಗೂ ಗುರುಗಳ ಗಂಟಲಿನ ಗುರುತು ಹೀಗೆ ತಲುಪಿತ್ತು. ಗವಾಯಿಗಳಿಗೆ ಊರೂರಿನಲ್ಲಿ ತುಲಾಭಾರ ಮಾಡಿದವರು ಇವರೇ. ತಕ್ಕಡಿಗೆ ಬಿದ್ದದ್ದು ಆಶ್ರಮದ ಅನಾಥ, ಅಂಧ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಅವರು ಹೋದ ದಿನ ಆ ಶಿಷ್ಯರಲ್ಲಿ ಎಷ್ಟೋ ಮಂದಿ ದೂರದ ಊರುಗಳಲ್ಲಿ ಕೂತಿದ್ದರು. ಗದುಗಿಗೆ ಹೋಗಲಾಗದವರು ಪೇಟಿ ತೆರೆದರು.

ರಾಯಚೂರು ನಗರಕ್ಕೂ ಇಂಥದೇ ಒಬ್ಬ ಹಾಡುಗಾರ ಇದ್ದರು, ಪಂಡಿತ ಸಿದ್ಧರಾಮ ಜಂಬಲದಿನ್ನಿ. ಹಿಂದೂಸ್ತಾನಿ ಗಾಯಕರು, ವಚನಗಳನ್ನು ಹಾಡಿ ಹೆಸರಾದವರು. ನಗರದ ರಂಗಮಂದಿರಕ್ಕೆ ಅವರ ಹೆಸರೇ ಇಟ್ಟಿದ್ದಾರೆ. ಹೆಸರಿಡುವುದು ಸರ್ಕಾರಕ್ಕೆ ತಿಳಿದ ಶೋಕಾಚರಣೆ. ತಪ್ಪೇನಿಲ್ಲ, ಆದರೆ ಅದೇ ಮಂದಿರದಲ್ಲಿ ತಾಸುಗಟ್ಟಲೆ ಭಾಷಣ, ಸನ್ಮಾನ, ಶಾಲು, ಹಣ್ಣಿನ ಬುಟ್ಟಿಗಳ ಕಾರ್ಯಕ್ರಮ ಮುಗಿಸಿ ಹೊರಬರುವ ಕಾಲೇಜು ಹುಡುಗರಿಗೆ, ಗೋಡೆಯ ಮೇಲಿನ ಹೆಸರಿನವರು ಏನು ಹಾಡುತ್ತಿದ್ದರು ಎಂದರೆ ತಿಳಿದಿರುವುದಿಲ್ಲ. ಪ್ರತಿ ಕಾರ್ಯಕ್ರಮಕ್ಕೆ ಮೊದಲು ಐದು ನಿಮಿಷ ಅವರ ಧ್ವನಿ ಹಾಕಿದರೆ ಖರ್ಚೇನೂ ಬೀಳುವುದಿಲ್ಲ. ಪ್ರಾರ್ಥನಾ ಗೀತೆಗೆ ಹೇಗೂ ಎದ್ದು ನಿಲ್ಲುತ್ತೇವೆ.

ಬಾಗಿಲು ಮುಚ್ಚಿದ ಶೋಕ

ರಾಯಚೂರಿಗೆ ಎರಡು ಕಿವಿ: ಒಂದು ಕನ್ನಡ, ಒಂದು ತೆಲುಗು. ನಡುವೆ ದಖ್ಖನಿ ಹರಿದಾಡುತ್ತದೆ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಊರು, ಇಂದಿಗೂ ಆಂಧ್ರ, ತೆಲಂಗಾಣ ಎರಡಕ್ಕೂ ಪಕ್ಕದ ಮನೆ. ಹೀಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಲ್ಲಿ ಎರಡು ಪಟ್ಟು ನಮ್ಮವರು. 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಿಂದ ಕನ್ನಡಕ್ಕೆ ಬಂದ ಆ ಕಂಠ ಇಲ್ಲಿನ ಮದುವೆ, ಜಾತ್ರೆ, ಗಣೇಶೋತ್ಸವಗಳನ್ನು ಅರ್ಧ ಶತಮಾನ ನಡೆಸಿತು. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮ ನೋಡಿ ಮಕ್ಕಳನ್ನು ಸಂಗೀತದ ಪಾಠಕ್ಕೆ ಹಾಕಿದ ಅಪ್ಪ ಅಮ್ಮಂದಿರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಗದುಗಿನ ಪಂಚಾಕ್ಷರ ಗವಾಯಿಗಳ ಜೀವನದ ಚಿತ್ರಕ್ಕೆ ಹಾಡಿಯೇ ಅವರು ರಾಷ್ಟ್ರಪ್ರಶಸ್ತಿ ಗೆದ್ದದ್ದು ಎಂಬುದನ್ನು ಈ ಕಡೆಯವರು ಮರೆಯದೆ ಹೇಳುತ್ತಾರೆ.

2020ರ ಆಗಸ್ಟ್ ಮೊದಲ ವಾರ ಆಸ್ಪತ್ರೆ ಸೇರಿದವರು ಸೆಪ್ಟೆಂಬರ್ 25ರಂದು ಚೆನ್ನೈನಲ್ಲಿ ಹೋಗಿಬಿಟ್ಟರು. ಕೋವಿಡ್ ಕಾಲ. ಗುಂಪು ಸೇರುವಂತಿಲ್ಲ, ಮಂದಿರ ತೆರೆಯುವಂತಿಲ್ಲ, ಮೆರವಣಿಗೆ ಇಲ್ಲ. ಆ ಸಾವಿನ ಪೆಟ್ಟು ಯಾರಿಗೆ ಹೆಚ್ಚು ಬಿತ್ತು ಎಂದರೆ ಆರ್ಕೆಸ್ಟ್ರಾದ ಹಾಡುಗಾರರಿಗೆ. ಸಣ್ಣ ಊರಿನ ಆರ್ಕೆಸ್ಟ್ರಾದಲ್ಲಿ ಹಾಡುವವನಿಗೆ ಎಸ್‌ಪಿಬಿ ಬರೀ ನೆಚ್ಚಿನ ಗಾಯಕರಲ್ಲ, ಅನ್ನ. ‘ಥೇಟ್ ಎಸ್‌ಪಿಬಿ ಹಂಗ ಹಾಡ್ತಾನ’ ಎಂಬ ಒಂದು ಮಾತೇ ಅವನ ವಿಸಿಟಿಂಗ್ ಕಾರ್ಡು. ಆ ವರ್ಷ ಮದುವೆಗೆ ಐವತ್ತು ಜನ, ಜಾತ್ರೆ ರದ್ದು, ಗಣೇಶನಿಗೆ ನಿರ್ಬಂಧ. ಕೆಲಸವಿಲ್ಲದೆ ಕೂತವನಿಗೆ ಗುರುವೂ ಹೋದ. ಮನೆಯ ಮಾಳಿಗೆಯ ಮೇಲೆ, ಮೊಬೈಲಿನಲ್ಲಿ ಕರೋಕೆ ಹಾಕಿಕೊಂಡು, ಒಂದು ಮೈಕು ಹಿಡಿದು ಹಾಡಿ ಫೇಸ್‌ಬುಕ್ಕಿಗೆ ಹಾಕಿದವರು ಊರೂರಿನಲ್ಲೂ ಇದ್ದರು. ಕೇಳಿದವರು ಹತ್ತಿಪ್ಪತ್ತು ಮಂದಿ. ಹಿಂದಿನಿಂದ ನಾಯಿ ಬೊಗಳಿದ್ದು, ಕೆಳಗೆ ಕುಕ್ಕರ್ ಕೂಗಿದ್ದು ಎಲ್ಲ ಅದರಲ್ಲಿವೆ. ಆ ವರ್ಷದ ನಿಜವಾದ ಶ್ರದ್ಧಾಂಜಲಿ ಸಭೆಗಳು ಆ ಮಾಳಿಗೆಗಳ ಮೇಲೆಯೇ ನಡೆದವು.

ಫ್ಲೆಕ್ಸು, ಅನ್ನ, ಕಣ್ಣು

ಮರುವರ್ಷ, 2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್, ಅಭಿಮಾನಿಗಳ ಅಪ್ಪು, 46 ವರ್ಷ. ನಟನೆಂದೇ ಎಲ್ಲರೂ ಹೇಳುವುದು. ಆದರೆ ಬಾಲ್ಯದಲ್ಲೇ ‘ಭಾಗ್ಯವಂತ’ ಚಿತ್ರಕ್ಕೆ ಹಾಡಿದ ಕಂಠ ಅದು. ದೊಡ್ಡವರಾದ ಮೇಲೆ ತಮ್ಮ ಚಿತ್ರಗಳಿಗೂ ಬೇರೆಯವರ ಚಿತ್ರಗಳಿಗೂ ಹಾಡುತ್ತಲೇ ಬಂದರು. ಅವರ ಸಾವಿನ ಮಧ್ಯಾಹ್ನ ರಾಯಚೂರಿನಂಥ ಊರುಗಳಲ್ಲಿ ಮೊದಲು ಕೆಲಸ ಶುರುವಾದದ್ದು ಫ್ಲೆಕ್ಸ್ ಅಂಗಡಿಗಳಲ್ಲಿ. ಫ್ಲೆಕ್ಸ್ ಮಾಡುವ ಹುಡುಗನ ಕಂಪ್ಯೂಟರಿನಲ್ಲಿ ಸಾವಿಗೆ ಬೇಕಾದ್ದೆಲ್ಲ ತಯಾರಿರುತ್ತದೆ: ಎರಡು ದೀಪ, ಮಲ್ಲಿಗೆ ಹಾರ, ಮೋಡದ ನಡುವಿನ ಬೆಳಕು, ‘ಮತ್ತೆ ಹುಟ್ಟಿ ಬಾ’ ಎಂಬ ದಪ್ಪಕ್ಷರ. ಚಿತ್ರ ಕೂರಿಸಬೇಕು, ಕೆಳಗೆ ಸಂಘದ ಹುಡುಗರ ಮುಖ ಜೋಡಿಸಬೇಕು ಅಷ್ಟೆ. ದರ ಚದರ ಅಡಿ ಲೆಕ್ಕ. ಆ ಮುಖಗಳ ಸಾಲು ನೋಡಿ ನಗುವವರಿದ್ದಾರೆ. ಸತ್ತವನಿಗಿಂತ ಬದುಕಿದವರ ಫೋಟೋ ಹೆಚ್ಚು ಎನ್ನುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ದಾಸರ ಪದದ ಕೊನೆಯಲ್ಲಿ ಬರುವ ಅಂಕಿತಕ್ಕೂ ಫ್ಲೆಕ್ಸಿನ ಬುಡದಲ್ಲಿ ತನ್ನ ಮುಖವಿರಲಿ ಎನ್ನುವ ಹುಡುಗನ ಆಸೆಗೂ ದೂರದ ನೆಂಟಸ್ತನ ಇದ್ದೀತು. ನಾನು ಇವರವನು ಎಂದು ಇಬ್ಬರೂ ಹೇಳುತ್ತಿದ್ದಾರೆ. ವ್ಯತ್ಯಾಸವಿಷ್ಟೆ: ಫ್ಲೆಕ್ಸು ಒಂದು ಮಳೆಗೆ ಹರಿಯುತ್ತದೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಮುಂದೆ ಎರಡು ದಿನ ನಿಂತ ಆ ಸಾಲಿನಲ್ಲಿ ನಮ್ಮ ಕಡೆಯವರು ಇರದೆ ಇರಲು ಸಾಧ್ಯವಿಲ್ಲ. ದೇವದುರ್ಗ ತಾಲೂಕಿನಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವವರ ಸಂಸಾರಗಳು ಎಷ್ಟಿಲ್ಲ. ದಿನಗೂಲಿ ಬಿಟ್ಟು ಸಾಲಿನಲ್ಲಿ ನಿಂತವನ ಶೋಕದ ಬೆಲೆ ಅವನ ಅಂದಿನ ಕೂಲಿ. ಯಾವ ಫ್ಲೆಕ್ಸಿನಲ್ಲೂ ಅವನ ಮುಖ ಇರುವುದಿಲ್ಲ.

2006ರ ಏಪ್ರಿಲ್‌ನಲ್ಲಿ ಪುನೀತ್ ಅವರ ತಂದೆ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು, ಗೋಲಿಬಾರ್ ಆಯಿತು, ಜನ ಸತ್ತರು, ಒಬ್ಬ ಪೊಲೀಸ್ ಪೇದೆಯ ಜೀವವೂ ಹೋಯಿತು. ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರರಾಗಿ, ರಾಯರ ಭಕ್ತಿಗೀತೆಗಳ ಕ್ಯಾಸೆಟ್ಟಿನ ಧ್ವನಿಯಾಗಿ ಈ ಸೀಮೆಯ ಮನೆಗಳಲ್ಲಿ ಬೆಳಗಿನ ಜಾವ ಕೇಳುತ್ತಿದ್ದ ಅವರ ಹೆಸರಿನಲ್ಲಿ ಹಾಗಾದದ್ದು ನೋಡಲಾಗದ ಸಂಗತಿ. ಅಂದು ಬೀದಿಗೆ ಬಂದ ಗುಂಪಿಗೆ ಸಾಲಾಗಿ ನಿಂತು ಕೊನೆಯ ಬಾರಿ ಮುಖ ನೋಡುವ ಅವಕಾಶವೇ ಸರಿಯಾಗಿ ಸಿಗಲಿಲ್ಲ. ಹದಿನೈದು ವರ್ಷಗಳ ನಂತರ ಮಗನ ಸಾವಿನಲ್ಲಿ ಗುಂಪು ಅದಕ್ಕಿಂತ ಚಿಕ್ಕದೇನಲ್ಲ, ದುಃಖವೂ ಚಿಕ್ಕದಲ್ಲ. ಆದರೆ ನೋಡಲು ಸಾಲು ಇತ್ತು, ಹನ್ನೆರಡನೇ ದಿನ ಅರಮನೆ ಮೈದಾನದಲ್ಲಿ ಕುಟುಂಬದವರೇ ಅಭಿಮಾನಿಗಳಿಗೆ ಊಟ ಬಡಿಸಿದರು, ಊರೂರಿನಲ್ಲಿ ಅನ್ನಸಂತರ್ಪಣೆ, ರಕ್ತದಾನ ನಡೆದವು. ಎಲ್ಲಕ್ಕಿಂತ ದೊಡ್ಡದು ಕಣ್ಣು. ಪುನೀತ್ ಅವರ ಎರಡು ಕಣ್ಣುಗಳಿಂದ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಬರಿಸಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ರಾಜ್ಯದುದ್ದಕ್ಕೂ ಬೆಳೆಯಿತು. ಗೋಪಾಲದಾಸರು ಆಯುಷ್ಯ ಕೊಟ್ಟ ಕಥೆ ಕೇಳಿ ಬೆಳೆದ ಊರಿನ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಧ್ವನಿಯ ವಿಚಾರದಲ್ಲೂ ಒಂದು ಸಂಗತಿ ನಡೆಯಿತು. 2022ರ ಮಾರ್ಚ್ 17ಕ್ಕೆ, ಅವರ ಹುಟ್ಟಿದ ದಿನ, ‘ಜೇಮ್ಸ್’ ತೆರೆಗೆ ಬಂತು. ಪುನೀತ್ ಡಬ್ಬಿಂಗ್ ಮುಗಿಸಿರಲಿಲ್ಲ, ಅಣ್ಣ ಶಿವರಾಜ್‌ಕುಮಾರ್ ಧ್ವನಿ ಕೊಟ್ಟಿದ್ದರು. ಪರದೆಯ ಮೇಲೆ ತಮ್ಮ, ಕಿವಿಗೆ ಅಣ್ಣ. ಅಭಿಮಾನಿಗಳು ಅತ್ತರು, ಸೀಟಿ ಹೊಡೆದರು, ಆದರೂ ಅಪ್ಪು ಧ್ವನಿಯೇ ಬೇಕು ಎಂದರು. ಮುಂದಿನ ತಿಂಗಳು ತಂತ್ರಜ್ಞಾನದಿಂದ ಹೊಂದಿಸಿದ ಅವರದೇ ಧ್ವನಿಯಲ್ಲಿ ಚಿತ್ರ ಮತ್ತೆ ಬಂತು. ನನ್ನ ಕಿವಿಗೆ ಅಣ್ಣನ ಧ್ವನಿಯೇ ಹೆಚ್ಚು ನಾಟಿತು. ಯಂತ್ರ ತಂದುಕೊಟ್ಟದ್ದು ಸತ್ತವನ ಕಂಠವನ್ನು. ತಮ್ಮನ ಮಾತನ್ನು ತನ್ನ ಬಾಯಿಂದ ಆಡಿದ ಅಣ್ಣನದು ಭಜನಿ ಮೇಳದ ದಾರಿ. ಅವನ ಶ್ರುತಿಗೆ ಇವನು ಗಂಟಲು ಕೊಡುವುದು.

ಜಗತ್ತಿನ ಬೇರೆ ಕಡೆಯೂ ಇದು ಇಲ್ಲದಿಲ್ಲ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಗುಂಡೇಟಿಗೆ ಬಿದ್ದ ಬೀಟಲ್ಸ್‌ನ ಜಾನ್ ಲೆನನ್‌ಗಾಗಿ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿ ವರ್ಷ ಆ ತಾರೀಕಿಗೆ ಜನ ಗಿಟಾರ್ ತಂದು ಸುತ್ತ ಕೂತು ಹಾಡುತ್ತಾರೆ. ಕೊರೆಯುವ ಚಳಿಯಲ್ಲಿ, ಗೊತ್ತಿಲ್ಲದವರ ಪಕ್ಕದಲ್ಲಿ. ಲೆನನ್ ಇದ್ದಾಗ ಹುಟ್ಟದವರೂ ಬರುತ್ತಾರೆ. ಎಲ್ವಿಸ್‌ನ ಮೆಂಫಿಸ್ ಮನೆಯ ಮುಂದೆ ಆಗಸ್ಟ್‌ನಲ್ಲಿ ಮೊಂಬತ್ತಿ ಹಿಡಿದು ಸಾಲು ನಿಲ್ಲುತ್ತಾರೆ. ಮಾನ್ವಿಯ ಅಜ್ಜಿಯನ್ನು ಸೆಂಟ್ರಲ್ ಪಾರ್ಕಿಗೆ ಕರೆದೊಯ್ದು ಕೂರಿಸಿದರೆ ಭಾಷೆ ತಿಳಿಯದಿದ್ದರೂ ನಡೆಯುತ್ತಿರುವುದು ಏನೆಂದು ತಿಳಿಯುತ್ತದೆ. ಪ್ರಸಾದ ಯಾವಾಗ ಎಂದಷ್ಟೇ ಕೇಳಿಯಾಳು.

ಅಪ್ಪುವಿನ ಹೆಸರಿನ ಶೋಕ ಇನ್ನೂರು ವರ್ಷ ನಡೆಯುತ್ತದೆಯೇ? ಅದು ಅಭಿಮಾನಿ ಸಂಘಗಳ ಕೈಯಲ್ಲಿದೆ. ಅಕ್ಟೋಬರ್ 29ಕ್ಕೆ ಫ್ಲೆಕ್ಸು ಕಟ್ಟಿ ಹಾರ ಹಾಕಿ ಕೇಕು ಕತ್ತರಿಸುವ ಸಂಘಗಳಿವೆ (ಪುಣ್ಯತಿಥಿಗೆ ಕೇಕು ಏಕೆ ಎಂದು ನನಗಿನ್ನೂ ಅರ್ಥವಾಗಿಲ್ಲ). ಅದೇ ದಿನ ರಕ್ತ ಕೊಟ್ಟು, ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ ಹಂಚಿ, ಸಂಜೆ ಆರ್ಕೆಸ್ಟ್ರಾ ಇಟ್ಟು ಊರ ಹುಡುಗರಿಂದಲೇ ಅವರ ಹಾಡು ಹಾಡಿಸುವವರೂ ಇದ್ದಾರೆ. ಎರಡನೆಯವರ ಸಂಘ ಹೆಚ್ಚು ದಿನ ಬಾಳುತ್ತದೆ ಎಂದು ಪಂದ್ಯ ಕಟ್ಟಲು ನಾನು ತಯಾರು.

ಹರಿಕಥಾಮೃತಸಾರ ಪಾರಾಯಣ ಮಾಡುವವರಿಗೆಲ್ಲ ತಿಳಿದ ಒಂದು ವಿಷಯವಿದೆ. ಪುಸ್ತಕದ ಕೊನೆಗೆ ಬರುವ ಫಲಶ್ರುತಿ ಜಗನ್ನಾಥದಾಸರದಲ್ಲ. ಅದನ್ನು ಸೇರಿಸಿದವರು ಅವರ ಶಿಷ್ಯ, ಶ್ರೀದವಿಠಲ ಅಂಕಿತದ ಕರ್ಜಗಿ ದಾಸರು. ಸಂಧಿಗಳನ್ನೆಲ್ಲ ಗುರುವಿನ ಮಾತಿನಲ್ಲಿ ಹಾಡಿ ಬಂದ ಹೆಂಗಸರು ಕೊನೆಯ ಪುಟಕ್ಕೆ ಬರುವಾಗ ಶಿಷ್ಯನ ಮಾತಿಗೆ ಹೊರಳುತ್ತಾರೆ. ಛಂದಸ್ಸು ಅದೇ, ರಾಗವೂ ಅದೇ. ಅಂಕಿತ ಮಾತ್ರ ಬೇರೆ. ಅದನ್ನು ಬಿಟ್ಟು ಪಾರಾಯಣ ಮುಗಿಸುವ ಪದ್ಧತಿ ಇಲ್ಲ. ಮಂಗಳಾರತಿ ಅದಾದ ಮೇಲೆಯೇ.